ಉಪ್ಪಿನ ಕಿಟಕಿ

ಮಾವಳ್ಳಿ, ಬೆಂಗಳೂರು
26 ಅಕ್ಟೋಬರ್ 1998

ಚಕ್ರಪಾಣಿಯವರಿಗೆ,

ನೀವು ಹಿಮಾಲಯದಿಂದ ನಿರ್ದೇಶಕರಿಗೆ ಕಳಿಸಿದ ತಂತಿಯನ್ನು ನಮ್ಮ ಮಲ್ಲೇಶ್ವರದ ಪ್ರಯೋಗಾಲಯದ ನೋಟೀಸ್ ಬೋರ್ಡಿಗೆ ಅಂಟಿಸಿದ್ದಾರೆ. ‘ಉಪಕರಣದ ಕಿಟಕಿ ಹಾಳು. ಈ ಚಳಿಗಾಲ ವೀಕ್ಷಣೆ ಇಲ್ಲ. ಸಹಾಯಕಿಯ ನಿರ್ಲಕ್ಷ್ಯ.’ ನಿಮಗಿರುವ ಸಹಾಯಕಿ ನಾನೊಬ್ಬಳೇ. ಹೆಸರು ಬರೆಯದೆ ಬಿಟ್ಟದ್ದು ಸೌಜನ್ಯವೆಂದು ನಾನು ತಿಳಿಯುವುದಿಲ್ಲ.

‘ಪೂಜ್ಯ’ ಎಂದು ಬರೆದಿಲ್ಲ, ಗಮನಿಸಿರುತ್ತೀರಿ. ಆ ಪದವನ್ನು ನಾನು ಯಾರಿಗೂ ಬರೆಯುವುದಿಲ್ಲ. ಕಳೆದ ವಾರದವರೆಗೆ ‘ಮಾನ್ಯ’ ಎಂದಾದರೂ ಬರೆಯುತ್ತಿದ್ದೆ.

ಆ ಕಿಟಕಿ ಗಾಜಿನದಲ್ಲ, ಉಪ್ಪಿನದು ಎಂದು ನನಗೆ ಕಲಿಸಿದವರು ನೀವು. ಗಾಜಿನಲ್ಲಿ ನಮ್ಮ ಕಣ್ಣು ತೂರುತ್ತದೆ, ಶಾಖದ ಕಿರಣ ತೂರುವುದಿಲ್ಲ. ನಕ್ಷತ್ರದ ಸುತ್ತಲಿನ ದೂಳು ಸೂಸುವ ಶಾಖವನ್ನು ಹಿಡಿಯಬೇಕಾದರೆ ಉಪಕರಣದ ಬಾಯಿಗೆ ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆ ಕೂರಿಸಬೇಕು. ಅಡುಗೆಮನೆಯ ಉಪ್ಪಿನ ದಾಯಾದಿ. ನೋಡಲು ಗಾಜಿನ ಹಾಗೇ ಇರುತ್ತದೆ, ನೀರು ತಾಗಿದರೆ ಕರಗುತ್ತದೆ. ಉಸಿರು ತಾಗಿದರೂ ಮಂಕಾಗುತ್ತದೆ ಎಂದು ನನ್ನ ಬಾಯಿಗೆ ಬಟ್ಟೆ ಕಟ್ಟಿಸಿ ಕೆಲಸ ಮಾಡಿಸಿದವರು ನೀವು.

ಆಯುಧಪೂಜೆಯ ದಿನ ಅದರ ಮುಂದೆ ಬಿಂದಿಗೆ, ತೀರ್ಥದ ತಟ್ಟೆ, ಬೂದುಗುಂಬಳಕಾಯಿ ತಂದು ಇಡಿಸಿದವರೂ ನೀವೇ. ಅಲ್ಲಿ ನಿಲ್ಲುವುದಿಲ್ಲವೆಂದು ಹಿಂದಿನ ದಿನವೇ ಬರೆದುಕೊಟ್ಟಿದ್ದೆ. ಗೇಟಿನ ಹೊರಗೆ ನಿಂತು ‘ಯಂತ್ರಕ್ಕೆ ಬೇಕಾದ್ದು ಎಣ್ಣೆ, ಕುಂಕುಮವಲ್ಲ’ ಎಂಬ ಕರಪತ್ರ ಹಂಚಿದೆ. ನೀವು ಒಂದನ್ನು ಇಸಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಒಳಗೆ ಹೋದಿರಿ. ಓದಿದ್ದರೆ ಕಿಟಕಿ ಉಳಿಯುತ್ತಿತ್ತು.

ನಿರ್ದೇಶಕರು ವಿಚಾರಣಾ ಸಮಿತಿ ಮಾಡಿದ್ದಾರೆ. ಅದು ಮುಗಿಯುವವರೆಗೆ ಆ ದಿನ ಒಳಗಿದ್ದ ಯಾರ ಕಡತವೂ ಮುಂದಕ್ಕೆ ಹೋಗುವುದಿಲ್ಲವಂತೆ. ಫಿಟ್ಟರ್ ಶೀನಣ್ಣನವರನ್ನು ಖಾಯಂ ಮಾಡುವ ಕಡತ ಸಹಿಗೆ ಕಾದಿತ್ತು. ದಿನಗೂಲಿಯಲ್ಲೇ ತಲೆ ನರೆತ ಮನುಷ್ಯ. ನಿಮ್ಮ ತಂತಿ ಅವರ ಬಾಗಿಲಿಗೂ ಅಗುಳಿ ಹಾಕಿದೆ. ಸತ್ಯವನ್ನು ಸಮಿತಿಗೆ ಬರೆದುಬಿಡಿ: ತೀರ್ಥ ಬಿತ್ತು, ಉಪ್ಪು ಕರಗಿತು.

ರಮ್ಯಶ್ರೀ


ವೀಕ್ಷಣಾಲಯದ ಶಿಬಿರ
6 ನವೆಂಬರ್ 1998

ಚಿ. ರಮ್ಯಶ್ರೀಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕರಪತ್ರಕ್ಕೆ ಬರೆದದ್ದನ್ನು ತಪ್ಪಿ ನನಗೆ ಅಂಚೆಗೆ ಹಾಕಿದೆಯೇನೋ ಎಂದುಕೊಂಡೆ.

ಇಲ್ಲಿ ನಡೆದದ್ದು ಇಷ್ಟು. ಕತ್ತಲಲ್ಲೇ ಮುಚ್ಚಳ ತೆಗೆದು ಉಪಕರಣವನ್ನು ದೂರದರ್ಶಕದ ಹಿಂಬದಿಗೆ ಕಟ್ಟಿ, ದ್ರವ ಸಾರಜನಕ ಸುರಿದು ತಣ್ಣಗೆ ಮಾಡಿ, ಬೆಳಗಾಗುವ ಹೊತ್ತಿಗೆ ಒಂದು ಕೆಂಪು ನಕ್ಷತ್ರಕ್ಕೆ ತಿರುಗಿಸಿದೆವು. ಮಿಕ್ಕ ಖಗೋಳಜ್ಞರು ಬೆಳಕು ಹರಿದೊಡನೆ ಮಲಗಲು ಹೋಗುತ್ತಾರೆ. ನಮ್ಮ ಉಪಕರಣಕ್ಕೆ ಹಗಲಿನ ಹಂಗಿಲ್ಲ. ಅದರ ಕಷ್ಟವೇ ಬೇರೆ. ಅದರ ಕಣ್ಣಿಗೆ ಕನ್ನಡಿಯೂ ಉರಿಯುತ್ತದೆ, ಆಕಾಶವೂ ಉರಿಯುತ್ತದೆ, ಪಕ್ಕದಲ್ಲಿ ನಿಂತ ನಾನೂ ಉರಿಯುತ್ತೇನೆ. ಅದಕ್ಕೇ ದೂರದರ್ಶಕದ ಚಿಕ್ಕ ಕನ್ನಡಿ ತಲೆಯಾಡಿಸುತ್ತದೆ. ಒಮ್ಮೆ ನಕ್ಷತ್ರವಿರುವ ಆಕಾಶ, ಒಮ್ಮೆ ಪಕ್ಕದ ಖಾಲಿ ಆಕಾಶ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ನಕ್ಷತ್ರ ಉಳಿಯಬೇಕು. ಏನೂ ಉಳಿಯಲಿಲ್ಲ. ಇಷ್ಟು ವರ್ಷ ಇದಕ್ಕೆ ಕಾದವನು ನಾನು. ಬಿಚ್ಚಿ ನೋಡಿದರೆ ಕಿಟಕಿ ಮಜ್ಜಿಗೆ ಬಿದ್ದ ಗಾಜಿನಂತೆ ಬೆಳ್ಳಗಿತ್ತು.

ಪೂಜೆಯನ್ನು ದೂರುವುದು ನಿನಗೆ ಸುಲಭ. ಕುಂಕುಮ ಹಚ್ಚುವಾಗ ಕಿಟಕಿಯ ಮೇಲೆ ಮುಚ್ಚಳವಿತ್ತು. ಮುಚ್ಚಳದ ಮೇಲೆ ಬಿದ್ದ ತೀರ್ಥ ಒಳಗೆ ಇಳಿಯುವುದಿಲ್ಲ. ಪೆಟ್ಟಿಗೆ ಕಟ್ಟಿದವಳು ನೀನು. ತೇವ ಹೀರುವ ಸಿಲಿಕಾ ಜೆಲ್ ಚೀಲ ಇಟ್ಟವಳು ನೀನು. ಒಂದೇ ಪ್ರಶ್ನೆ ಕೇಳುತ್ತೇನೆ, ಹೌದು ಅಥವಾ ಇಲ್ಲ ಎಂದು ಬರೆ. ಪೆಟ್ಟಿಗೆ ಮುಚ್ಚುವ ಮೊದಲು ಮುಚ್ಚಳ ತೆಗೆದು, ಟಾರ್ಚು ಬಿಟ್ಟು ಕಿಟಕಿಯನ್ನು ನೋಡಿದೆಯಾ?

ಚಕ್ರಪಾಣಿ


ಮಾವಳ್ಳಿ
16 ನವೆಂಬರ್ 1998

ಚಕ್ರಪಾಣಿಯವರಿಗೆ,

ನೀವು ಸಮಿತಿಗೆ ಕಳಿಸಿದ ವರದಿಯನ್ನು ನಿರ್ದೇಶಕರ ಗುಮಾಸ್ತರ ಮೇಜಿನ ಮೇಲೆ ಓದಿದೆ. ‘ಕಿಟಕಿಯ ಮೇಲೆ ಒಂದೇ ದಿಕ್ಕಿಗೆ ಎಳೆದಂಥ ಬಿಳಿಯ ಗೀರುಗಳಿವೆ’ ಎಂದು ನೀವೇ ಬರೆದಿದ್ದೀರಿ. ನನಗೆ ಬರೆದ ಕಾಗದದಲ್ಲಿ ಮಾತ್ರ ಬರಿಯ ಮಜ್ಜಿಗೆ. ಗಾಳಿಯ ತೇವಕ್ಕೆ ಬೆರಳಿಲ್ಲ. ಅದು ಕೂತರೆ ಕಿಟಕಿಯೆಲ್ಲ ಒಂದೇ ಸಮ ಮಂಕಾಗುತ್ತದೆ. ಗೀರು ಎಳೆಯುವುದು ಒದ್ದೆ ಬಟ್ಟೆ. ಆ ಬಟ್ಟೆ ಹಿಡಿದ ಕೈ ಯಾರದು?

ಇದನ್ನೇ ಅಚ್ಚು ಹಾಕಿಸಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ಗಾಂಧಿ ಬಜಾರಿನಲ್ಲಿ, ನಮ್ಮ ಗೇಟಿನಲ್ಲಿ ಹಂಚಿದ್ದೇನೆ. ತಲೆಬರಹ: ‘ದೂರದರ್ಶಕಕ್ಕೆ ಅಭಿಷೇಕ ಮಾಡಿದ ಕೈ ಯಾರದು?’ ಒಂದು ಪ್ರತಿ ಇದರ ಜೊತೆಗಿದೆ. ಮಡಿಸಿ ಜೇಬಿಗಿಡಿ.

ಹೊರದೇಶದಿಂದ ಇನ್ನೊಂದು ಬಿಲ್ಲೆ ತರಿಸಿ ಎನ್ನುವ ಹಾಗೂ ಇಲ್ಲ. ಮೇ ತಿಂಗಳಲ್ಲಿ ಮರಳುಗಾಡಿನಲ್ಲಿ ಬಾಂಬು ಸಿಡಿಸಿದ ದಿನ ಲಡ್ಡು ಹಂಚಿದಿರಲ್ಲ, ಹೊರದೇಶದವರು ಇನ್ನು ನಮಗೆ ಏನನ್ನೂ ಮಾರುವುದಿಲ್ಲವೆಂದು ಆಗಲೇ ಹೇಳಿದ್ದೆ. ಆಮೇಲೆ ಆರ್ಡರು ಮಾಡಿದ ಬಿಡಿಭಾಗವನ್ನು ಅವರು ತಡೆಹಿಡಿದಾಗ ನೀವು ಅವರನ್ನು ಬೈದಿರಿ, ಲಡ್ಡುವನ್ನು ಬೈಯಲಿಲ್ಲ.

ಆ ಉಪಕರಣ ನಿಮ್ಮೊಬ್ಬರದೇ ಎಂಬಂತೆ ಬರೆಯುತ್ತೀರಿ. ಅದರ ಮುಂದೆ ನಾನು ಮೊದಲ ಸಲ ಕೈ ಚಾಚಿದಾಗ ಪರದೆಯ ಮೇಲೆ ನನ್ನ ಅಂಗೈ ಕೆಂಡದಂತೆ ಬಂತು. ಅಪ್ಪನ ತರಕಾರಿ ಅಂಗಡಿಯಲ್ಲಿ ಮುಂಜಾನೆ ಸೊಪ್ಪಿಗೆ ನೀರು ಚಿಮುಕಿಸಿ ಮರಗಟ್ಟಿದ್ದ ಕೈ. ಬೆರಳ ತುದಿಗಳು ಮಾತ್ರ ಕಪ್ಪಗಿದ್ದವು. ಅದು ಜಾತಿ ಕೇಳಲಿಲ್ಲ, ಕುಂಕುಮ ಕೇಳಲಿಲ್ಲ, ಇದ್ದ ಶಾಖವನ್ನು ಇದ್ದಷ್ಟು ತೋರಿಸಿತು. ನಾನು ನಂಬುವ ಸಂಗತಿಗಳು ಕಡಿಮೆ. ಅದನ್ನು ನಂಬಿದ್ದೆ.

ರಮ್ಯಶ್ರೀ


ಶಿಬಿರ
27 ನವೆಂಬರ್ 1998

ರಮ್ಯಶ್ರೀಗೆ,

ನನ್ನ ಪ್ರಶ್ನೆಗೆ ಉತ್ತರ ಬರೆದಿಲ್ಲ. ಬೇಕಿಲ್ಲ, ನನಗೆ ಸಿಕ್ಕಿದೆ.

ಪೂಜೆ ಮುಗಿದ ಮೇಲೆ ಮುಚ್ಚಳ ಹಾಕಿ, ಗಂಧ ಕುಂಕುಮ ಹಚ್ಚಿದ್ದರು. ಮುಚ್ಚಳದಿಂದ ಚೌಕಟ್ಟಿನವರೆಗೆ ಒಂದೇ ಬೊಟ್ಟು, ಉದ್ದಕ್ಕೆ. ಇಲ್ಲಿ ಪೆಟ್ಟಿಗೆ ಒಡೆದಾಗ, ಮುಚ್ಚಳವೂ ಚೌಕಟ್ಟೂ ಕೂಡುವ ಜಾಗದಲ್ಲಿ ಆ ಬೊಟ್ಟು ಕೂದಲಷ್ಟೂ ಬಿರಿದಿರಲಿಲ್ಲ. ಅದನ್ನು ಮೊದಲು ಬಿರಿಸಿದವನು ನಾನು. ಅಂದರೆ ಪೂಜೆಯಾದ ಮೇಲೆ ಬೆಂಗಳೂರಿನಲ್ಲಿ ಆ ಮುಚ್ಚಳವನ್ನು ಯಾರೂ ತೆಗೆದಿಲ್ಲ. ತೆಗೆದು ನೋಡಬೇಕಾದವಳು ನೀನು. ನೋಡದೆಯೇ ಪೆಟ್ಟಿಗೆಯ ರವಾನೆ ಪಟ್ಟಿಯಲ್ಲಿ ‘ಕಿಟಕಿ ಪರೀಕ್ಷಿಸಿದೆ’ ಎಂದು ಸಹಿ ಹಾಕಿದ್ದೀಯೆ. ಯಾಕೆಂದು ಹೇಳಲೇ? ಮುಚ್ಚಳ ತೆಗೆದರೆ ಬೆರಳಿಗೆ ಕುಂಕುಮ ಹತ್ತುತ್ತಿತ್ತು. ನಮ್ಮ ಮನೆಯ ಮಡಿ ಹೆಂಗಸರನ್ನು ಗೇಲಿ ಮಾಡಿ ನೀನೊಂದು ಕರಪತ್ರ ಬರೆದಿದ್ದೆ. ನಿನ್ನ ಮಡಿ ಅವರದ್ದಕ್ಕಿಂತ ಒಂದು ಕೈ ಮೇಲು.

ಅಂದೇ ನೋಡಿದ್ದರೆ ಬಿಲ್ಲೆಯನ್ನು ಅಲ್ಲೇ ಉಜ್ಜಿ ಹೊಳಪು ಕೊಟ್ಟು ಕಳಿಸಬಹುದಿತ್ತು. ಇಲ್ಲಿ ಉಜ್ಜುವ ಸಾಧನವೂ ಇಲ್ಲ, ಬಲ್ಲವರೂ ಇಲ್ಲ.

ಇನ್ನು ಒದ್ದೆ ಬಟ್ಟೆಯ ಕೈ. ನಿನ್ನ ಕರಪತ್ರ ಸಮಿತಿಯ ಕೈ ಸೇರಿದೆ. ನೀನು ಕೇಳಿದ ಪ್ರಶ್ನೆಯನ್ನೇ ಅವರು ಕೇಳುತ್ತಿದ್ದಾರೆ. ಅದು ನನ್ನ ಕೈ ಎಂದುಕೊಂಡೆಯಾ? ಆ ಕಟ್ಟಡದಲ್ಲಿ ನಾನು ಒದ್ದೆ ಬಟ್ಟೆ ಹಿಡಿದದ್ದನ್ನು ಯಾರು ಕಂಡಿದ್ದಾರೆ? ಒರೆಸುವುದು ಶೀನನ ಕೆಲಸ. ನೀನು ಊರೆಲ್ಲ ಡಂಗುರ ಹೊಡೆದು ಹುಡುಕಿಸಿದ್ದು ಅವನನ್ನು.

ಚಕ್ರಪಾಣಿ


ಮಾವಳ್ಳಿ
10 ಡಿಸೆಂಬರ್ 1998

ಚಕ್ರಪಾಣಿಯವರಿಗೆ,

ಭಾನುವಾರ ವೈಯಾಲಿಕಾವಲ್‌ಗೆ ಹೋಗಿ ಶೀನಣ್ಣನವರನ್ನು ಕಂಡೆ. ಅವರ ಹೆಂಡತಿ ಅಕ್ಕಯಮ್ಮ ಕಾಫಿ ಕೊಟ್ಟರು. ಆ ದಿನದ ವಿಷಯ ಎತ್ತಿದ ಕೂಡಲೆ ಶೀನಣ್ಣ ಗೋಡೆಗೆ ಒರಗಿ ಕೂತು, ನಾನು ಬರುತ್ತೇನೆಂದು ಮೊದಲೇ ಗೊತ್ತಿದ್ದವರ ಹಾಗೆ ಹೇಳಿದರು. ಅವರ ಮಾತಿನಲ್ಲೇ ಬರೆಯುತ್ತೇನೆ.

‘ಮುಚ್ಚಳ ಹಾಕೇ ಇತ್ತು ಕಣಮ್ಮ. ಸಾರ್ ಬಂದು, ಕಣ್ಣು ಮುಚ್ಕೊಂಡಿರೋ ದೇವರಿಗೆ ಯಾರಾದ್ರೂ ಮಂಗಳಾರತಿ ಎತ್ತತಾರೇನೋ ಶೀನ, ಮುಚ್ಚಳ ತೆಗಿ, ಎಲ್ಲಾ ಒರೆಸಿ ರೆಡಿ ಮಾಡು ಅಂತ ಹೇಳಿ ಫೋನ್ ಬಂತು ಅಂತ ಹೋದ್ರು. ಲೇತು ಒರೆಸಿದೆ, ಡ್ರಿಲ್ಲು ಒರೆಸಿದೆ, ಅದನ್ನೂ ಒರೆಸಿದೆ. ಗಾಜು ಅಂದ್ಕೊಂಡೆ.’

ನೀವು ಹಿಂತಿರುಗಿ ಬಂದು ಮಂಗಳಾರತಿ ಎತ್ತಿದಿರಿ. ಆ ತೆರೆದ ಕಣ್ಣಿಗೆ ಕರ್ಪೂರದ ಹೊಗೆಯೂ ತಾಗಿತು. ಉಪ್ಪು ಆಗಲೇ ಕರಗಿತ್ತು, ನಿಮಗೆ ಕಾಣಲಿಲ್ಲ. ಆಮೇಲೆ ಮುಚ್ಚಳ ಹಾಕಿಸಿ, ಬೊಟ್ಟು ಇಡಿಸಿ, ನನಗೆ ‘ಕುಂಕುಮ ಹಚ್ಚುವಾಗ ಮುಚ್ಚಳವಿತ್ತು’ ಎಂದು ಬರೆದಿರಿ. ಪದಕ್ಕೆ ಪದ ನಿಜ. ಇಂಥ ನಿಜ ಹೇಳಲು ತಲೆತಲಾಂತರದ ಓದು ಬೇಕು.

ನಾನು ಮುಚ್ಚಳ ತೆಗೆಯಲಿಲ್ಲ. ಹೌದು. ನೀವು ಕೇಳಿದ ಉತ್ತರ ಇದೇ, ಇಟ್ಟುಕೊಳ್ಳಿ.

‘ಮುಚ್ಚಳ ತೆಗೆಸಿದ್ದು ನಾನು, ಒರೆಸು ಎಂದದ್ದು ನಾನು’ ಎಂದು ನೀವು ಸಮಿತಿಗೆ ಬರೆಯಿರಿ. ಅದರ ಪ್ರತಿ ನನ್ನ ಕೈಗೆ ಬಂದ ದಿನ ನನ್ನ ತಪ್ಪನ್ನು ನಾನು ಬರೆದುಕೊಡುತ್ತೇನೆ. ಮೊದಲು ನಾನು ಬರೆದರೆ ನೀವು ಅದರ ಹಿಂದೆ ಅಡಗುತ್ತೀರಿ. ಜೂನಿನಲ್ಲಿ ನಿಮ್ಮ ನಿವೃತ್ತಿ; ಎರಡು ವರ್ಷದ ವಿಸ್ತರಣೆಗೆ ಅರ್ಜಿ ಹಾಕಿದ್ದೀರಿ ಎಂಬುದು ಕ್ಯಾಂಟೀನಿಗೆಲ್ಲ ಗೊತ್ತು. ನಿಮ್ಮ ಕೈ ಯಾಕೆ ಬರೆಯುತ್ತಿಲ್ಲವೆಂಬುದೂ ಅದರಿಂದಲೇ ಗೊತ್ತಾಗುತ್ತದೆ.

ರಮ್ಯಶ್ರೀ


ಶಿಬಿರ
22 ಡಿಸೆಂಬರ್ 1998

ಕುಮಾರಿ ರಮ್ಯಶ್ರೀ ಅವರಿಗೆ,

ಇನ್ನು ಮುಂದೆ ತಮ್ಮನ್ನು ಬಹುವಚನದಲ್ಲೇ ಕರೆಯುತ್ತೇನೆ. ಏಕವಚನ ನನ್ನ ವಿದ್ಯಾರ್ಥಿಗಳಿಗೆ.

ಷರತ್ತು ಹಾಕಿದ್ದೀರಿ. ನನ್ನದೂ ಒಂದಿದೆ. ತಾವು ಮೊದಲು ಬರೆಯಿರಿ. ಸುಳ್ಳು ಸಹಿ ತಮ್ಮದು, ನನ್ನದಲ್ಲ. ನಾನು ಮಾಡಿದ್ದು ಮರೆವು.

ತಮಗೆ ಹೊಳೆಯದ ಇನ್ನೊಂದು ಸಂಗತಿ. ಆ ಬಿಲ್ಲೆ ಉಪ್ಪಿನದೆಂದು ಶೀನನಿಗೆ ತಿಳಿಸುವ ಜವಾಬ್ದಾರಿ ಯಾರದಿತ್ತು? ತಾವು ಉಪಕರಣದ ಪಕ್ಕಕ್ಕೆ ಒಂದು ಎಚ್ಚರಿಕೆಯ ಚೀಟಿ ಅಂಟಿಸಿದ್ದೀರಿ. ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ. ಕಡಲೆಕಾಯಿ ಮಾರುವವರಿಗೂ ಕನ್ನಡದಲ್ಲಿ ವಿಜ್ಞಾನ ಹೇಳುತ್ತೇನೆಂದು ಬಸವನಗುಡಿಯ ಪರಿಷೆಯಲ್ಲಿ ಕರಪತ್ರ ಹಂಚುವವರು ಪಕ್ಕದ ಸ್ಟೂಲಿನಲ್ಲಿ ಕೂತ ಮನುಷ್ಯನಿಗೆ ಇಂಗ್ಲಿಷ್ ಚೀಟಿ ಅಂಟಿಸಿದಿರಿ. ಅವನು ಓದಿದ್ದು ಮಿಡ್ಲ್ ಸ್ಕೂಲು, ಕನ್ನಡದಲ್ಲಿ. ಜನ ಜನ ಎನ್ನುತ್ತೀರಲ್ಲ, ಅವನನ್ನು ಯಾವ ಲೆಕ್ಕಕ್ಕೆ ಹಿಡಿದಿದ್ದೀರಿ?

ವಿಸ್ತರಣೆಯ ಮಾತು ಕ್ಯಾಂಟೀನಿನಲ್ಲೇ ಇರಲಿ. ತಮಗೆ ಅದಕ್ಕಿಂತ ಹೆಚ್ಚು ತಿಳಿಯಬೇಕಾದ ಅಗತ್ಯವಿಲ್ಲ.

ಚಕ್ರಪಾಣಿ


ಮಾವಳ್ಳಿ
2 ಜನವರಿ 1999

ಚಕ್ರಪಾಣಿಯವರಿಗೆ,

ಜಗಳವನ್ನು ಆಮೇಲೆ ಮುಂದುವರಿಸೋಣ.

ಶೀನಣ್ಣನವರಿಗೆ ನಿನ್ನೆಯಿಂದ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಸಮಿತಿ 25ನೆಯ ತಾರೀಖು ಕೊನೆಯ ಸಲ ಕೂರುತ್ತದೆ. ಅವರು ಈಗಾಗಲೇ ‘ನಾನೇ ಒರೆಸಿದ್ದು, ಬೇರೆ ಯಾರದೂ ತಪ್ಪಿಲ್ಲ’ ಎಂದು ಹೇಳಿ ಹೆಬ್ಬೆರಳು ಒತ್ತಿದ ಹಾಗೆ ಸಹಿ ಹಾಕಿ ಬಂದಿದ್ದಾರೆ. ನಿಮ್ಮ ಹೆಸರೆತ್ತಿಲ್ಲ. ಯಾಕೆಂದು ಕೇಳಿದ್ದಕ್ಕೆ, ‘ದೊಡ್ಡೋರ ಹೆಸರು ಹೇಳಿ ಯಾರಮ್ಮ ಖಾಯಂ ಆಗಿದಾರೆ?’ ಅಂದರು. ನಿಮ್ಮ ಬಾಯಿಂದ ಒಂದು ಮಾತು ಬರುತ್ತದೆಂದು ಕಾಯುತ್ತಿದ್ದಾರೆ. ಅದನ್ನು ಅವರು ಹೇಳಲಿಲ್ಲ. ಅಕ್ಕಯಮ್ಮ ಹೇಳಿದರು.

ನಾನು ಒಬ್ಬಳೇ ಬರೆದರೆ ಅದು ಕೆಲಸಕ್ಕೆ ಬರುವುದಿಲ್ಲ. ‘ಕರಪತ್ರದ ಹುಡುಗಿ ಮೇಷ್ಟರ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾಳೆ’ ಎಂದು ಪಕ್ಕಕ್ಕಿಡುತ್ತಾರೆ. ಹಾಗೆ ಅನ್ನಿಸಿಕೊಳ್ಳುವಂತೆ ನಡೆದುಕೊಂಡವಳೂ ನಾನೇ ಇರಬಹುದು. ಅದು ನಿಮಗೆ ಸಂತೋಷ ತರಲಿ. ಆದರೆ ಬರೆಯಿರಿ.

ರಮ್ಯಶ್ರೀ


ಶಿಬಿರ
13 ಜನವರಿ 1999

ಕುಮಾರಿ ರಮ್ಯಶ್ರೀ ಅವರಿಗೆ,

ಹೇಳಿಕೆ ಲಗತ್ತಿಸಿದೆ. ಸೇನೆಯ ವಿಮಾನದಲ್ಲಿ ಹೋಗುವವರ ಕೈಲಿ ಕೊಟ್ಟಿದ್ದೇನೆ, ವೇಳೆಗೆ ಸೇರುತ್ತದೆ. ಲಕೋಟೆಗೆ ಅಂಟು ಹಚ್ಚಿಲ್ಲ. ಅದರಲ್ಲಿ ಬರೆದದ್ದು ಇಷ್ಟೇ:

‘ಕಿಟಕಿಯ ಮುಚ್ಚಳ ತೆಗೆಯಲು ಹೇಳಿದವನು ನಾನು. ಎಲ್ಲವನ್ನೂ ಒರೆಸಲು ಹೇಳಿದವನೂ ನಾನು. ಕಿಟಕಿಯನ್ನು ಕಾಯಬೇಕಾದ ಸಹಾಯಕಿ ತನ್ನ ನಂಬಿಕೆಗಳ ಕಾರಣ ಅಲ್ಲಿರಲಿಲ್ಲ. ಅದೇ ನಂಬಿಕೆಗಳ ಕಾರಣ ಮುಚ್ಚಳ ತೆಗೆದು ನೋಡದೆ, ನೋಡಿದೆನೆಂದು ಸಹಿ ಮಾಡಿದಳು. ಅದು ನೀರು ತಾಗಬಾರದ ವಸ್ತುವೆಂದು ಫಿಟ್ಟರಿಗೆ ನಮ್ಮಿಬ್ಬರಲ್ಲಿ ಯಾರೂ ಹೇಳಿರಲಿಲ್ಲ.’

ನೇರವಾಗಿ ಸಮಿತಿಗೇ ಕಳಿಸಬಹುದಿತ್ತು. ತಮ್ಮ ಕೈಗೆ ಕೊಡುತ್ತಿದ್ದೇನೆ. ಮಾರ್ಚಿನಲ್ಲಿ ತಮ್ಮ ಕೆಲಸದ ಅವಧಿ ಮುಂದುವರಿಯಬೇಕು. ಈ ಹಾಳೆ ಒಳಗೆ ಹೋದರೆ ಅದು ಮುಂದುವರಿಯುವುದಿಲ್ಲ. ಹರಿದು ಹಾಕಿದರೆ ನನಗೆ ಗೊತ್ತಾಗುತ್ತದೆ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ತಾವು ಅಚ್ಚು ಹಾಕಿಸಿದ್ದನ್ನೆಲ್ಲ ಓದಿದ್ದೇನೆ. ತಾವು ಮಾಡುವುದನ್ನು ಒಮ್ಮೆ ನೋಡಬೇಕೆನಿಸಿತು.

ಜೂನಿನ ಮಾತು. ವಿಸ್ತರಣೆ ಕೇಳಿದ್ದು ಕುರ್ಚಿಯ ಆಸೆಗಲ್ಲ. ನನ್ನ ಹೆಸರು ಬಂದರೆ ಈ ಯೋಜನೆಯನ್ನೇ ಮುಚ್ಚುತ್ತಾರೆ. ಬಿಲ್ಲೆಯನ್ನು ಉಜ್ಜಿಸಿ ಮುಂದಿನ ಚಳಿಗಾಲ ಮತ್ತೆ ಇಲ್ಲಿಗೆ ಹೊತ್ತು ತರುವವರು ಇರುವುದಿಲ್ಲ. ಆ ನಕ್ಷತ್ರದ ಸುತ್ತ ಏನಿದೆಯೆಂದು ನಾನು ನೋಡದೆಯೇ ಹೋಗುತ್ತೇನೆ. ಅದಕ್ಕಾಗಿ ಸುಮ್ಮನಿದ್ದೆ. ಅದು ಸರಿಯೆಂದು ಈಗ ವಾದಿಸುತ್ತಿಲ್ಲ.

ಚಕ್ರಪಾಣಿ


ಮಾವಳ್ಳಿ
6 ಫೆಬ್ರವರಿ 1999

ಚಕ್ರಪಾಣಿಯವರಿಗೆ,

ನಿಮ್ಮ ಹಾಳೆಯನ್ನು 25ರಂದು ಸಮಿತಿಯ ಮುಂದಿಟ್ಟೆ. ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡಿದ್ದೆ ಎಂಬುದನ್ನೂ ಹೇಳುತ್ತೇನೆ, ನಿಮಗೆ ನೋಡುವ ಆಸೆಯಿತ್ತಲ್ಲ. ‘ತನ್ನ ನಂಬಿಕೆಗಳ ಕಾರಣ’ ಎಂಬ ಮಾತಿನ ಪಕ್ಕ ನನ್ನ ಕೈಯಲ್ಲಿ ‘ಇದು ನಂಬಿಕೆಯಲ್ಲ, ಹಟ’ ಎಂದು ಬರೆದು ಸಹಿ ಮಾಡಿದೆ. ಮಿಕ್ಕದ್ದನ್ನು ಮುಟ್ಟಲಿಲ್ಲ.

ಇವತ್ತು ಆದೇಶ ಬಂತು. ಮಾರ್ಚಿಗೆ ನನ್ನ ಕೆಲಸ ಮುಗಿಯುತ್ತದೆ. ನಿಮ್ಮದು ನಿಮಗೆ ಬೇರೆಯಾಗಿ ಬರುತ್ತದಂತೆ. ಯೋಜನೆಯ ಕೋಣೆಗೆ ಬೀಗ ಹಾಕಿದ್ದಾರೆ, ಅದರಿಂದ ಊಹಿಸಿಕೊಳ್ಳಿ. ಶೀನಣ್ಣನವರನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಖಾಯಂ ಕಡತಕ್ಕೂ ಸಹಿಯಾಗಿದೆ.

ನಿಮ್ಮ ಹೇಳಿಕೆಯನ್ನು ಸಮಿತಿಯವರು ಅವರಿಗೂ ಓದಿ ಹೇಳಿದ್ದರಂತೆ. ಆದೇಶ ಬಂದ ಸುದ್ದಿಯನ್ನು ನಾನೇ ಮೊದಲು ಹೇಳಬೇಕೆಂದು ವೈಯಾಲಿಕಾವಲ್‌ಗೆ ಓಡಿದೆ. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ನಾನು ಕಳೆದುಕೊಂಡದ್ದನ್ನೂ ಒಂದು ಮಾತು ಕೇಳುತ್ತಾರೆ ಎಂದುಕೊಂಡಿದ್ದೆ. ಅಕ್ಕಯಮ್ಮ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಶೀನಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆಯೇ ನಿಂತರು.

‘ಸಾರ್ ಅವರಿಗೆ ಗೊತ್ತಿತ್ತು, ಉಪ್ಪು ಅಂತ. ನಿಮಗೂ ಗೊತ್ತಿತ್ತು. ಮೂರು ತಿಂಗಳು ಇಬ್ಬರೂ ಕಾಗದ ಬರ್ಕೊಂಡು ಕೂತ್ರಿ. ಅದಕ್ಕೆ ಮುಂಚೆ ಒಂದು ದಿನ, ಶೀನ, ಇದು ಉಪ್ಪು ಕಣೋ, ನೀರು ಮುಟ್ಟಿಸಬೇಡ ಅಂದಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ?’

ಅವರು ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪ್ರಶ್ನೆ ಇಬ್ಬರಿಗೂ ಕೇಳಿದ್ದು. ನೀವು ಇಳಿದು ಬಂದ ಮೇಲೆ ನಿಮ್ಮ ಉತ್ತರವನ್ನು ಆ ಮೆಟ್ಟಿಲ ಮುಂದೆ ನಿಂತು ಹೇಳಿ. ಕಾಗದ ಕಳಿಸಬೇಡಿ, ಅವರಿಗೂ, ನನಗೂ.

ರಮ್ಯಶ್ರೀ